ಗ್ರಂಥಾಲಯದಿಂದ ಸಂಪ್ರಬಂಧದವರೆಗೆ: 1876-78ರ ಮೈಸೂರು ಕ್ಷಾಮದ ನಿದರ್ಶನದಲ್ಲಿ ಇತಿಹಾಸ ಬರವಣಿಗೆಯ ವಿಧಾನ

ಪೀಠಿಕೆ

ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳು ಸಿದ್ಧಪಡಿಸುವ ಸಂಪ್ರಬಂಧಗಳಲ್ಲಿ ಈ ಬಗೆಯ ವಾಕ್ಯವೊಂದು ಆಗಾಗ ಕಣ್ಣಿಗೆ ಬೀಳುತ್ತದೆ: 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ 8,69,224 ಜನರು ಮಡಿದರು. ಈ ಅಂಕಿ ಸರಿಯಾದುದು. ವಾಕ್ಯ ಮಾತ್ರ ತಪ್ಪು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50,55,412. 1881ರ ಜನಗಣತಿಯಲ್ಲಿ ಅದು 41,86,188. ಇವೆರಡರ ಅಂತರವೇ 8,69,224. ಅದು ಎರಡು ಎಣಿಕೆಗಳ ನಡುವಿನ ವ್ಯತ್ಯಾಸವೇ ಹೊರತು ಸತ್ತವರ ಲೆಕ್ಕವಲ್ಲ. ಹತ್ತು ವರ್ಷಗಳಲ್ಲಿ ಹುಟ್ಟಿದವರು, ಹುಟ್ಟದೆ ಉಳಿದವರು, ಊರು ಬಿಟ್ಟು ಹೋದವರು, ಮರಳಿ ಬಂದವರು, ಕ್ಷಾಮಕ್ಕೆ ಮೊದಲು ಸಹಜವಾಗಿ ಸತ್ತವರು ಇವರೆಲ್ಲರೂ ಆ ಅಂತರದಲ್ಲಿ ಸೇರಿಹೋಗಿದ್ದಾರೆ.

ಇಂತಹ ತಪ್ಪಿಗೆ ವಿದ್ಯಾರ್ಥಿಯ ಅಲಕ್ಷ್ಯವೊಂದೇ ಕಾರಣವೆನ್ನಲಾಗದು. ಒಂದು ಗ್ರಂಥದಿಂದ ಮತ್ತೊಂದು ಗ್ರಂಥಕ್ಕೆ ಅಂಕಿಯು ದಾಟುವಾಗ ಅದರ ಜೊತೆಗಿದ್ದ ವಿವರಣೆ ಕಳಚಿಬೀಳುತ್ತದೆ. ಆ ವಿವರಣೆಯನ್ನು ಮರಳಿ ಪಡೆಯಲು ನಮಗಿರುವ ಸ್ಥಳ ಗ್ರಂಥಾಲಯ. ಆದರೆ ಗ್ರಂಥಾಲಯವನ್ನು ಬಳಸುವ ಕ್ರಮವನ್ನು ನಮ್ಮ ಪಠ್ಯಕ್ರಮಗಳು ಸಂಶೋಧನಾ ವಿಧಾನವೆಂಬ ಪತ್ರಿಕೆಯ ಒಂದು ಅಧ್ಯಾಯಕ್ಕೆ ಸೀಮಿತಗೊಳಿಸಿವೆ. ಅಲ್ಲಿಯೂ ಪ್ರಾಥಮಿಕ ಹಾಗೂ ದ್ವಿತೀಯಕ ಆಕರಗಳ ವ್ಯಾಖ್ಯೆಗಳೇ ಪ್ರಧಾನವಾಗಿರುತ್ತವೆ. ವಿದ್ಯಾರ್ಥಿಯು ಮೊದಲ ದಿನ ಯಾವ ಕಪಾಟಿನ ಮುಂದೆ ನಿಲ್ಲಬೇಕು, ಎರಡನೆಯ ವಾರ ಯಾವ ಪ್ರಶ್ನೆ ಕೇಳಬೇಕು, ಬರೆಯಲು ಯಾವಾಗ ಕೂರಬೇಕು ಎಂಬುದನ್ನು ವ್ಯಾಖ್ಯೆಗಳು ಹೇಳಲಾರವು. ಆದ್ದರಿಂದ ಪ್ರಸ್ತುತ ಲೇಖನದಲ್ಲಿ ಧಾತು-ಈಶ್ವರ ಬರವೆಂದು ಜನ ನೆನಪಿನಲ್ಲಿ ಉಳಿದಿರುವ ಮೈಸೂರಿನ ಕ್ಷಾಮವನ್ನು ನಿದರ್ಶನವಾಗಿಟ್ಟುಕೊಂಡು, ಗ್ರಂಥಾಲಯದ ಸಾಮಗ್ರಿಯಿಂದ ಇತಿಹಾಸದ ಸಂಪ್ರಬಂಧವೊಂದನ್ನು ರೂಪಿಸುವ ಹಂತಗಳನ್ನು ವಿವೇಚಿಸಲು ಪ್ರಯತ್ನಿಸಲಾಗಿದೆ.

ವಿಷಯದಿಂದ ಪ್ರಶ್ನೆಗೆ

‘ಮೈಸೂರಿನ ಮಹಾಕ್ಷಾಮ’ ಎಂಬುದು ಒಂದು ವಿಷಯ. ವಿಷಯವನ್ನು ಹಿಡಿದು ಗ್ರಂಥಾಲಯಕ್ಕೆ ಹೋದವನಿಗೆ ಎಲ್ಲ ಪುಸ್ತಕಗಳೂ ಪ್ರಯೋಜನಕಾರಿಯಾಗಿ ಕಾಣುತ್ತವೆ. ಫಲವಾಗಿ ಅವನು ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ನಕಲು ಮಾಡಿಕೊಳ್ಳುತ್ತಾನೆ. ಪ್ರಶ್ನೆಯನ್ನು ಹಿಡಿದು ಹೋದವನಿಗೆ ಹತ್ತರಲ್ಲಿ ಎಂಟು ಪುಸ್ತಕಗಳನ್ನು ಬದಿಗಿಡುವ ಧೈರ್ಯ ಬರುತ್ತದೆ. ಹೀಗಾಗಿ ವಿಷಯವನ್ನು ಪ್ರಶ್ನೆಯಾಗಿ ಪರಿವರ್ತಿಸುವುದೇ ಸಂಶೋಧನೆಯ ಮೊದಲ ಕಾರ್ಯ.

ಪ್ರಶ್ನೆಗೆ ಸ್ಥಳ, ಕಾಲ ಮತ್ತು ಜನ ಎಂಬ ಮೂರು ಮೇರೆಗಳಿರಬೇಕು. ಇವುಗಳ ಜೊತೆಗೆ, ಕೈಗೆಟುಕುವ ಆಕರಗಳಿಂದ ಅದಕ್ಕೆ ಉತ್ತರ ದೊರೆಯುವಂತಿರಬೇಕು. ಉದಾಹರಣೆಗೆ, 1864ರಲ್ಲಿಯೇ ಬೆಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದಿತ್ತು. ಕ್ಷಾಮಕಾಲದಲ್ಲಿ ಹೊರಗಿನ ಧಾನ್ಯ ಆ ದಾರಿಯಲ್ಲಿಯೇ ಬೆಂಗಳೂರು ತಲುಪಿತು. ಅಲ್ಲಿಂದ ಮುಂದೆ ಒಳನಾಡಿಗೆ ಧಾನ್ಯ ಸಾಗಬೇಕಾದರೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದ ಕಾಲವದು. ಹಾಗಾದರೆ ರೈಲು ನಿಲ್ದಾಣದಿಂದ ಇರುವ ದೂರಕ್ಕೂ ಜನಸಂಖ್ಯೆಯ ಕುಸಿತಕ್ಕೂ ಸಂಬಂಧವಿತ್ತೇ ಎಂಬುದು ಒಳ್ಳೆಯ ಪ್ರಶ್ನೆ. ಪೂರ್ವದ ಬಯಲುಸೀಮೆಗೂ ಮಲೆನಾಡಿಗೂ ಕ್ಷಾಮದ ಅನುಭವದಲ್ಲಿ ಇದ್ದ ಅಂತರವೆಷ್ಟು ಎಂಬುದು ಇನ್ನೊಂದು. ಪರಿಹಾರ ಕಾಮಗಾರಿಗಳಲ್ಲಿ ಕೂಲಿಯನ್ನು ಯಾವ ಆಧಾರದ ಮೇಲೆ ನಿಗದಿಪಡಿಸಲಾಯಿತು ಎಂಬುದು ಮತ್ತೊಂದು. ಪ್ರಸ್ತುತ ಲೇಖನದ ಆರಂಭದಲ್ಲಿ ಎತ್ತಿದ ಪ್ರಶ್ನೆ ಇವೆಲ್ಲಕ್ಕಿಂತ ಸರಳವಾದುದು: 1871 ಮತ್ತು 1881ರ ಎಣಿಕೆಗಳಿಂದ ಕ್ಷಾಮದ ಸಾವುಗಳ ಬಗೆಗೆ ಏನನ್ನು ಹೇಳಬಹುದು, ಏನನ್ನು ಹೇಳಲಾಗದು? ಮುಂದಿನ ವಿವೇಚನೆಯಲ್ಲಿ ಈ ಪ್ರಶ್ನೆಯನ್ನೇ ಮುಖ್ಯವಾಗಿ ಅನುಸರಿಸಲಾಗಿದೆ.

ಪರಾಮರ್ಶನ ವಿಭಾಗದಿಂದ ಆರಂಭ

ಹೊಸ ವಿದ್ಯಾರ್ಥಿಯು ನೇರವಾಗಿ ಮೂಲ ದಾಖಲೆಗಳಿಗೆ ಕೈಹಾಕುವುದು ಉಚಿತವಲ್ಲ. ದಾಖಲೆ ಯಾವ ಸಂದರ್ಭದ್ದೆಂದು ತಿಳಿಯದೆ ಓದಿದರೆ ಅದು ಮಾತನಾಡುವುದಿಲ್ಲ. ಮೊದಲು ಗ್ಯಾಸೆಟಿಯರುಗಳನ್ನೂ ಸಾಮಾನ್ಯ ಇತಿಹಾಸ ಗ್ರಂಥಗಳನ್ನೂ ನೋಡಿ ಘಟನೆಗಳ ಚೌಕಟ್ಟನ್ನು ಗ್ರಹಿಸಬೇಕು. ಮೈಸೂರಿನ ಮಟ್ಟಿಗೆ ಹಯವದನರಾಯರು ಸಂಪಾದಿಸಿದ ಮೈಸೂರು ಗ್ಯಾಸೆಟಿಯರಿನ ಸಂಪುಟಗಳು (1927-30) ಹಾಗೂ ಎಂ. ಶಾಮರಾಯರ ‘ಮಾಡರ್ನ್ ಮೈಸೂರು’ (1936) ಈ ಕಾರ್ಯಕ್ಕೆ ಒದಗುತ್ತವೆ. ಇವುಗಳಿಂದ ವಿದ್ಯಾರ್ಥಿಗೆ ಕೆಲವು ಮೂಲಭೂತ ಸಂಗತಿಗಳು ಖಚಿತವಾಗುತ್ತವೆ: 1831ರಿಂದ ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು, ಕ್ಷಾಮ ಬಂದಾಗ ಚಾಮರಾಜೇಂದ್ರ ಒಡೆಯರು ಅಪ್ರಾಪ್ತ ವಯಸ್ಕರು, 1881ರ ಮಾರ್ಚ್‌ನಲ್ಲಿ ಅಧಿಕಾರವು ಅವರಿಗೆ ಮರಳಿದಾಗ ಸಂಸ್ಥಾನದ ತಲೆಯ ಮೇಲೆ ಕ್ಷಾಮದ ನಿಮಿತ್ತ ಮಾಡಿದ 80 ಲಕ್ಷ ರೂಪಾಯಿಗಳ ಸಾಲವಿತ್ತು. ದಿವಾನ್ ರಂಗಾಚಾರ್ಲು ಅವರ ಮಿತವ್ಯಯದ ಆಡಳಿತವನ್ನು ಈ ಸಾಲದ ಹಿನ್ನೆಲೆಯಿಲ್ಲದೆ ಅರಿಯಲಾಗದು.

ಬಳಿಕ ವಿಷಯದ ಮೇಲಿನ ವಿಶೇಷ ಅಧ್ಯಯನಗಳಿಗೆ ಹೋಗಬೇಕು. ಬಿ. ಎಂ. ಭಾಟಿಯಾ ಅವರ ಭಾರತೀಯ ಕ್ಷಾಮಗಳ ಇತಿಹಾಸ (1963), ಆಹಾರದ ಅಭಾವಕ್ಕಿಂತ ಅದನ್ನು ಪಡೆಯುವ ಹಕ್ಕಿನ ಅಭಾವವೇ ಕ್ಷಾಮದ ತಿರುಳೆಂದು ವಾದಿಸಿದ ಅಮರ್ತ್ಯ ಸೇನ್ ಅವರ ಕೃತಿ (1981), ಮದರಾಸು ಪ್ರಾಂತದ ರೈತರು ಇದೇ ಕ್ಷಾಮವನ್ನು ಹೇಗೆ ಅರ್ಥೈಸಿಕೊಂಡರೆಂಬ ಡೇವಿಡ್ ಆರ್ನಾಲ್ಡ್ ಅವರ ಪ್ರಬಂಧ (1984), ಕ್ಷಾಮಗಳ ಜನಸಂಖ್ಯಾಶಾಸ್ತ್ರವನ್ನು ಕುರಿತ ಅರೂಪ್ ಮಹಾರತ್ನ ಅವರ ಅಧ್ಯಯನ (1996) ಇವು ಅವಶ್ಯವಾಗಿ ನೋಡಬೇಕಾದವು. ಇಂತಹ ಗ್ರಂಥಗಳನ್ನು ಅಭಿಪ್ರಾಯ ಸಂಗ್ರಹಕ್ಕಾಗಿ ಮಾತ್ರ ಓದುವುದು ಅರ್ಧ ಓದು. ಅವುಗಳ ಅಡಿಟಿಪ್ಪಣಿಗಳನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಪ್ರತಿಯೊಂದು ಒಳ್ಳೆಯ ಗ್ರಂಥದ ಅಡಿಟಿಪ್ಪಣಿಗಳು ಮುಂದಿನ ಸಂಶೋಧಕನಿಗಾಗಿ ಬರೆದಿಟ್ಟ ದಾರಿಯ ಗುರುತುಗಳು.

ಕಪಾಟುಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ಕರ್ನಾಟಕದ ಇತಿಹಾಸವು 954.87ರ ಅಡಿಯಲ್ಲಿರುತ್ತದೆ. ಇತಿಹಾಸದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಲ್ಲಿಯೇ ನಿಂತುಬಿಡುತ್ತಾರೆ. ಆದರೆ ಆಹಾರ ಪೂರೈಕೆ ಹಾಗೂ ಕ್ಷಾಮವನ್ನು ಕುರಿತ ಗ್ರಂಥಗಳು 363.8ರಲ್ಲಿ, ಜನಸಂಖ್ಯೆಯನ್ನು ಕುರಿತವು 304.6ರಲ್ಲಿ ಇರುತ್ತವೆ. ಜನಗಣತಿ ವರದಿಗಳನ್ನು ಸರ್ಕಾರಿ ಪ್ರಕಟಣೆಗಳ ವಿಭಾಗದಲ್ಲಿ ಬೇರೆಯಾಗಿ ಇಟ್ಟಿರುವುದೂ ಉಂಟು. ಒಂದೇ ಘಟನೆ ಗ್ರಂಥಾಲಯದ ನಾಲ್ಕು ಮೂಲೆಗಳಲ್ಲಿ ಹಂಚಿಹೋಗಿರುತ್ತದೆ. ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದನ್ನು ಗ್ರಂಥಾಲಯ ಶಾಸ್ತ್ರದ ಸೂತ್ರವಾಗಿ 1931ರಲ್ಲಿ ನಿರೂಪಿಸಿದ ಎಸ್. ಆರ್. ರಂಗನಾಥನ್ ಅವರು ಗ್ರಂಥಪಾಲಕನನ್ನು ಓದುಗನ ಜೊತೆಗಾರನೆಂದೇ ಭಾವಿಸಿದ್ದರು. ಆದ್ದರಿಂದ ಗ್ರಂಥಪಾಲಕರ ಬಳಿ ಪುಸ್ತಕದ ಹೆಸರನ್ನಷ್ಟೇ ಹೇಳದೆ ತನ್ನ ಪ್ರಶ್ನೆಯನ್ನೇ ಅವರ ಮುಂದಿಡುವುದು ಲೇಸು. ಸೂಚಿಯಲ್ಲಿ ಸೇರದ, ಕಟ್ಟು ಬಿಚ್ಚದ ವರದಿಗಳು ಎಲ್ಲಿವೆಯೆಂಬ ತಿಳಿವಳಿಕೆ ಅನೇಕ ವೇಳೆ ಅವರಲ್ಲಿ ಮಾತ್ರ ಇರುತ್ತದೆ.

ಹೆಸರುಗಳ ತೊಡಕು

ಸೂಚಿಯಲ್ಲಿ ಏನನ್ನು ಹುಡುಕಬೇಕೆಂಬುದು ಚರಿತ್ರೆಯದೇ ಒಂದು ಸಮಸ್ಯೆ. 1876-77 ಧಾತು ಸಂವತ್ಸರ. 1877-78 ಈಶ್ವರ ಸಂವತ್ಸರ. ಜನರ ಬಾಯಲ್ಲಿ ಈ ಕ್ಷಾಮಕ್ಕಿರುವ ಹೆಸರು ಸಂವತ್ಸರದ್ದು. ಸರ್ಕಾರದ ದಾಖಲೆಗಳಲ್ಲಿರುವುದು ಕ್ರಿಸ್ತಶಕದ ವರ್ಷ. ಕನ್ನಡದ ಸಾಮಗ್ರಿಯಲ್ಲಿ ಬರ, ಬರಗಾಲ, ಕ್ಷಾಮ, ದುರ್ಭಿಕ್ಷ ಎಂಬ ನಾಲ್ಕು ಪದಗಳನ್ನೂ ಹುಡುಕಬೇಕು. ಜನಗಣತಿಗೆ ಹಿಂದೆ ಖಾನೇಷುಮಾರಿ ಎಂಬ ಹೆಸರಿತ್ತು.

ಸ್ಥಳನಾಮಗಳ ತೊಡಕು ಇದಕ್ಕಿಂತ ಹೆಚ್ಚು. ಆಂಗ್ಲ ವರದಿಗಳಲ್ಲಿ ಚಿತ್ರದುರ್ಗವು ಚಿತಲ್‌ದ್ರೂಗ್ ಆಗಿದೆ. ಸಂಸ್ಥಾನವು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ವಿಭಾಗಗಳಾಗಿ ಹಂಚಿಹೋಗಿದ್ದುದರಿಂದ, ಕೋಲಾರದ ಸಂಗತಿಗಳಿಗಾಗಿ ನಂದಿದುರ್ಗ ವಿಭಾಗದ ಶೀರ್ಷಿಕೆಯನ್ನು ನೋಡಬೇಕಾಗುತ್ತದೆ. ಉತ್ತರದಲ್ಲಿ ಕಲಾದಗಿ ಜಿಲ್ಲೆಯೆಂದು ದಾಖಲಾಗಿದ್ದುದು ಮುಂದೆ ಬಿಜಾಪುರವಾಯಿತು. 2014ರಲ್ಲಿ ಬಿಜಾಪುರವು ಅಧಿಕೃತವಾಗಿ ವಿಜಯಪುರವಾಯಿತು. ಇಂದಿನ ಹೆಸರನ್ನು ಮಾತ್ರ ಬಲ್ಲ ವಿದ್ಯಾರ್ಥಿಗೆ ಸೂಚಿಯು ‘ಏನೂ ಇಲ್ಲ’ ಎನ್ನುತ್ತದೆ. ಆಕರವಿಲ್ಲವೆಂದು ತೀರ್ಮಾನಿಸುವ ಮುನ್ನ ಆ ಕಾಲದ ಹೆಸರುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಳ್ಳುವುದು ಒಳಿತು.

ನಾಲ್ಕು ಆಡಳಿತಗಳ ದಾಖಲೆಗಳು

ಇಂದಿನ ಕರ್ನಾಟಕವೆಂಬ ಘಟಕ 1876ರಲ್ಲಿ ಇರಲಿಲ್ಲ. ಧಾರವಾಡ, ಬೆಳಗಾವಿ, ಕಲಾದಗಿ ಹಾಗೂ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ. ರಾಯಚೂರು, ಗುಲ್ಬರ್ಗಾ ಭಾಗಗಳು ನಿಜಾಮರ ಆಳ್ವಿಕೆಗೆ ಸೇರಿದ್ದವು. ಉಳಿದುದು ಮೈಸೂರು, ಮತ್ತು ಅದರ ಪಕ್ಕದಲ್ಲಿ ಕೊಡಗು. ದಾಖಲೆಗಳು ಆಡಳಿತವನ್ನು ಅನುಸರಿಸಿ ಉಳಿದುಬಂದಿವೆ. ಆದುದರಿಂದ ಮೈಸೂರಿನ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಧಾರವಾಡ ಸೀಮೆಯ ಕಡತಗಳಿಗೆ ಮುಂಬಯಿಯ ಪತ್ರಾಗಾರ, ಬಳ್ಳಾರಿಯದಕ್ಕೆ ಚೆನ್ನೈ, ರಾಯಚೂರಿನದಕ್ಕೆ ಹೈದರಾಬಾದು ಎಂಬಂತೆ ಸಂಶೋಧಕ ಅಲೆಯಬೇಕಾಗುತ್ತದೆ. ಇವೆಲ್ಲದರ ಮೇಲೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಹಾಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹಗಳಿವೆ.

ಒಂದು ಷಣ್ಮಾಸದ ಅವಧಿಯಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಊರುಗಳನ್ನು ಸುತ್ತಲಾರ. ಆದರೆ ಮುದ್ರಿತ ಸಾಮಗ್ರಿ ಇವುಗಳ ಒಂದು ದೊಡ್ಡ ಭಾಗವನ್ನು ಸಮೀಪಕ್ಕೆ ತಂದಿದೆ. ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯಲ್ಲಿ ಬೆಳಗಾವಿ, ಧಾರವಾಡ, ಬಿಜಾಪುರ ಸಂಪುಟಗಳು 1884ರಲ್ಲಿ, ಎಂದರೆ ಕ್ಷಾಮ ಮುಗಿದ ಆರೇ ವರ್ಷಗಳಲ್ಲಿ ಪ್ರಕಟವಾದವು. ಇಂತಹ ಸಂಪುಟಗಳು ಹಳೆಯ ಕಾಲೇಜುಗಳ ಗ್ರಂಥಾಲಯಗಳಲ್ಲಿಯೂ ಸಿಗುವುದುಂಟು. ಎಲ್ಲವನ್ನೂ ನೋಡಲಾಗದಾಗ, ನೋಡಿದುದರ ಮೇರೆಗೆ ಪ್ರಶ್ನೆಯನ್ನು ಕಿರಿದುಗೊಳಿಸಬೇಕು. ಮೈಸೂರಿನ ಆಕರಗಳನ್ನಷ್ಟೇ ನೋಡಿ ‘ಕರ್ನಾಟಕದಲ್ಲಿ ಕ್ಷಾಮ’ ಎಂದು ಶೀರ್ಷಿಕೆ ಕೊಡುವುದು ಶಿಸ್ತಲ್ಲ.

ಆಕರದ ಹಿಂದಿರುವ ಕೈ

ಆಕರವೊಂದು ದೊರೆತಾಗ ಅದನ್ನು ಬರೆದವರು ಯಾರು, ಯಾವಾಗ, ಯಾರಿಗಾಗಿ ಎಂದು ಕೇಳುವುದು ವಾಡಿಕೆ. ಈ ಪ್ರಶ್ನೆಗಳ ಮಹತ್ವವನ್ನು ನಿದರ್ಶನಗಳ ಮೂಲಕ ನೋಡಬಹುದು.

ಬಿ. ಎಲ್. ರೈಸ್ ಅವರ ಮೈಸೂರು ಮತ್ತು ಕೊಡಗು ಗ್ಯಾಸೆಟಿಯರಿನ ಮೊದಲ ಆವೃತ್ತಿ 1876ರಿಂದ 1878ರ ನಡುವೆ ಪ್ರಕಟವಾಯಿತು. ಅದರ ಜನಸಂಖ್ಯಾ ವಿವರಗಳು 1871ರ ಗಣತಿಯವು. ಗ್ರಂಥವು ಅಚ್ಚಿನ ಮನೆಯಲ್ಲಿದ್ದಾಗಲೇ ಅದು ವರ್ಣಿಸುವ ಹಳ್ಳಿಗಳು ಬರಿದಾಗುತ್ತಿದ್ದವು. ಪರಿಷ್ಕೃತ ಆವೃತ್ತಿ ಹೊರಬಂದುದು 1897ರಲ್ಲಿ. ಈ ಎರಡು ಆವೃತ್ತಿಗಳ ನಡುವೆ ಇಡೀ ಕ್ಷಾಮವಿದೆ. ಮರುಮುದ್ರಣದ ವರ್ಷವನ್ನು ನೋಡಿ ಮೂಲ ಆವೃತ್ತಿಯ ವರ್ಷವನ್ನು ಗಮನಿಸದ ವಿದ್ಯಾರ್ಥಿ ಯಾವ ಮೈಸೂರನ್ನು ತಾನು ಓದುತ್ತಿರುವೆನೆಂದು ತಿಳಿಯಲಾರ. ಶೀರ್ಷಿಕೆ ಪುಟದ ಹಿಂಬದಿಯನ್ನು ಓದುವ ಅಭ್ಯಾಸ ಇದಕ್ಕಾಗಿಯೇ ಬೇಕು. ರೈಸ್ ಅವರೇ 1881ರ ಮೈಸೂರು ಜನಗಣತಿಯ ವರದಿಯನ್ನೂ ಬರೆದರೆಂಬುದು ಇಲ್ಲಿ ಗಮನಾರ್ಹ. ಕ್ಷಾಮದ ಮುಂಚಿನ ಮೈಸೂರನ್ನು ವರ್ಣಿಸಿದ ವ್ಯಕ್ತಿಯೇ ಉಳಿದವರನ್ನು ಎಣಿಸಿದರು.

ಸಿ. ಎ. ಎಲಿಯಟ್ 1877ರಲ್ಲಿ ಮೈಸೂರಿನ ಕ್ಷಾಮ ಕಮಿಷನರಾಗಿ ನಿಯುಕ್ತರಾದ ಅಧಿಕಾರಿ. ಮೈಸೂರು ಕ್ಷಾಮದ ಇತಿಹಾಸವನ್ನು ಕುರಿತ ಅಧಿಕೃತ ವರದಿಯನ್ನು ಬರೆದವರೂ ಅವರೇ. ಪರಿಹಾರ ಕಾರ್ಯವನ್ನು ನಡೆಸಿದವರೇ ಅದರ ಇತಿಹಾಸವನ್ನು ಬರೆದಾಗ ಒಳಗಿನ ವಿವರಗಳು ಹೇರಳವಾಗಿ ದೊರೆಯುತ್ತವೆ. ತಮ್ಮ ಆಡಳಿತವನ್ನು ತಾವೇ ತೂಗುವ ಮಿತಿಯೂ ಅಲ್ಲಿರುತ್ತದೆ. ಇದರ ಪಕ್ಕದಲ್ಲಿ ವಿಲಿಯಂ ಡಿಗ್ಬಿಯ ಎರಡು ಸಂಪುಟಗಳ ಕ್ಷಾಮಚರಿತ್ರೆಯನ್ನು (1878) ಇಡಬೇಕು. ಡಿಗ್ಬಿ ಮದರಾಸಿನ ಪತ್ರಿಕಾ ಸಂಪಾದಕ ಹಾಗೂ ಸಾರ್ವಜನಿಕ ಪರಿಹಾರ ನಿಧಿಯ ಕಾರ್ಯದರ್ಶಿ. ಸರ್ಕಾರದ ನೀತಿಯ ಟೀಕಾಕಾರ. 1877ರ ಆರಂಭದಲ್ಲಿ ವೈಸರಾಯರ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್, ಕಾಮಗಾರಿಯಲ್ಲಿ ದುಡಿಯುವವನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದಾಗ, ದುಡಿಯುವ ದೇಹಕ್ಕೆ ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿದರು. ಒಂದೇ ಸರ್ಕಾರದ ಇಬ್ಬರು ಅಧಿಕಾರಿಗಳ ನಡುವಿನ ಈ ವಿವಾದವು, ‘ಸರ್ಕಾರಿ ಆಕರ’ ಎಂಬುದು ಏಕಧ್ವನಿಯಲ್ಲವೆಂಬುದನ್ನು ವಿದ್ಯಾರ್ಥಿಗೆ ಮನಗಾಣಿಸುತ್ತದೆ.

ಅಧಿಕಾರದ ಹೊರಗಿನ ದನಿಗಳನ್ನೂ ಹುಡುಕಬೇಕು. ಪುಣೆಯ ಸಾರ್ವಜನಿಕ ಸಭೆಯು ಮುಂಬಯಿ ಪ್ರಾಂತದ ಕ್ಷಾಮಪೀಡಿತ ಜಿಲ್ಲೆಗಳ ಸ್ಥಿತಿಯನ್ನು ವಿವರಿಸುವ ವರದಿಗಳನ್ನು ಸರ್ಕಾರಕ್ಕೆ ಸಲ್ಲಿಸಿತು. ಕ್ರೈಸ್ತ ಮಿಷನ್ನುಗಳ ವಾರ್ಷಿಕ ವರದಿಗಳಲ್ಲಿ ಅನಾಥ ಮಕ್ಕಳ ಆಶ್ರಮಗಳ ವಿವರಗಳಿವೆ. ಧರ್ಮಪ್ರಸಾರದ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನ್ನು ಓದಬೇಕು. ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯ 1877ರ ಅಕ್ಟೋಬರ್ 20ರ ಸಂಚಿಕೆಯಲ್ಲಿ ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದಿರುವ ಜನರ ಚಿತ್ರವಿದೆ. ಆ ಚಿತ್ರ ಇಂದು ಪುಸ್ತಕಗಳಲ್ಲಿ ಪುನರ್ಮುದ್ರಣಗೊಳ್ಳುತ್ತಿದೆ. ಅದು ದೂರದ ಓದುಗರಿಗಾಗಿ ಕೆತ್ತಿದ ಚಿತ್ರ. ಯಾರು ಕಾದಿದ್ದರೆಂಬುದನ್ನು ತೋರಿಸುತ್ತದೆ, ಬೆಂಗಳೂರಿನವರೆಗೆ ನಡೆದು ಬರಲಾಗದವರನ್ನು ತೋರಿಸುವುದಿಲ್ಲ. ಆಕರವು ಕಾಣಿಸುವುದನ್ನು ಬರೆದುಕೊಳ್ಳುವಾಗ ಅದಕ್ಕೆ ಕಾಣದುದನ್ನೂ ಒಂದು ಸಾಲಿನಲ್ಲಿ ಬರೆದಿಡುವುದು ಉತ್ತಮ ಅಭ್ಯಾಸ.

ಸಂಖ್ಯೆಗಳ ವಿಮರ್ಶೆ

ಈಗ ಮೂಲ ಪ್ರಶ್ನೆಗೆ ಬರಬಹುದು. 50,55,412ರಿಂದ 41,86,188ಕ್ಕೆ ಇಳಿದ ಜನಸಂಖ್ಯೆಯ ಇಳಿಕೆ ಶೇಕಡ 17.19. ಇದನ್ನು ಸಾವಿನ ಸಂಖ್ಯೆಯೆಂದು ಏಕೆ ಕರೆಯಲಾಗದು?

ಮೊದಲನೆಯದಾಗಿ, 1871ರಿಂದ ಕ್ಷಾಮದ ಆರಂಭದವರೆಗಿನ ಸುಮಾರು ಐದು ವರ್ಷಗಳಲ್ಲಿ ಜನಸಂಖ್ಯೆ ಬೆಳೆದಿರಬಹುದು. ವರ್ಷಕ್ಕೆ ಶೇಕಡ ಅರ್ಧದಷ್ಟು ಬೆಳೆಯಿತೆಂದು ಭಾವಿಸಿದರೆ 1876ರಲ್ಲಿ ಸುಮಾರು 51.83 ಲಕ್ಷ ಜನರಿದ್ದಿರಬೇಕು. ಶೇಕಡ ಒಂದರಷ್ಟು ಬೆಳೆಯಿತೆಂದರೆ ಸುಮಾರು 53.13 ಲಕ್ಷ. ಕೇವಲ ಒಂದು ಊಹೆಯನ್ನು ಬದಲಿಸಿದ ಮಾತ್ರಕ್ಕೆ 1.30 ಲಕ್ಷ ಜನರ ವ್ಯತ್ಯಾಸ ಉಂಟಾಗುತ್ತದೆ. ಎರಡನೆಯದಾಗಿ, ಕ್ಷಾಮಕಾಲದಲ್ಲಿ ಜನನಗಳು ಕುಸಿಯುತ್ತವೆ. ಹುಟ್ಟದೆ ಉಳಿದ ಮಕ್ಕಳು ಜನಸಂಖ್ಯೆಯ ಇಳಿಕೆಯಲ್ಲಿ ಸೇರುತ್ತಾರೆ, ಸಾವಿನ ಲೆಕ್ಕದಲ್ಲಿ ಸೇರುವುದಿಲ್ಲ. ಮೂರನೆಯದಾಗಿ, ಗಡಿ ದಾಟಿ ಹೋದವರು ಹಾಗೂ ಗಡಿಯಾಚೆಯಿಂದ ಬಂದವರು ಇದ್ದರು. ನಾಲ್ಕನೆಯದಾಗಿ, 1878ರ ನಂತರದ ಎರಡು ಮೂರು ವರ್ಷಗಳಲ್ಲಿ ಜನಸಂಖ್ಯೆ ಸ್ವಲ್ಪ ಚೇತರಿಸಿಕೊಂಡಿರಬಹುದು; ಹಾಗಾಗಿದ್ದಲ್ಲಿ ನಿಜವಾದ ನಷ್ಟದ ಒಂದಂಶವನ್ನು ಆ ಚೇತರಿಕೆ ಮುಚ್ಚಿಹಾಕಿರುತ್ತದೆ. ಐದನೆಯದಾಗಿ, 1871ರ ಎಣಿಕೆ ಎಷ್ಟು ಪೂರ್ಣವಾಗಿತ್ತೆಂಬ ಪ್ರಶ್ನೆಯೂ ಇದೆ. ಈ ಕಾರಣಗಳಲ್ಲಿ ಕೆಲವು ಸಾವಿನ ಅಂದಾಜನ್ನು 8,69,224ಕ್ಕಿಂತ ಮೇಲಕ್ಕೆ, ಕೆಲವು ಕೆಳಕ್ಕೆ ಎಳೆಯುತ್ತವೆ. ಹತ್ತು ಲಕ್ಷದ ಆಸುಪಾಸಿನ ಸಂಖ್ಯೆಯನ್ನು ಹಲವು ಗ್ರಂಥಗಳು ಹೇಳುತ್ತವೆ. ಅದು ಅಂದಾಜು, ಎಣಿಕೆಯಲ್ಲ. ಅಖಿಲ ಭಾರತದ ಮಟ್ಟದಲ್ಲಂತೂ ವಿದ್ವಾಂಸರ ಅಂದಾಜುಗಳು ಐವತ್ತು ಲಕ್ಷದಿಂದ ಒಂದು ಕೋಟಿಯವರೆಗೂ ಹರಡಿಕೊಂಡಿವೆ.

ಹಾಗಾದರೆ ವಿದ್ಯಾರ್ಥಿಯು ಏನನ್ನೂ ಹೇಳಲಾರನೆ? ಖಂಡಿತವಾಗಿ ಹೇಳಬಲ್ಲ. 1891ರಲ್ಲಿ ಮೈಸೂರಿನ ಜನಸಂಖ್ಯೆ 49,43,604. ಎಂದರೆ 1871ರ ಎಣಿಕೆಗಿಂತ ಇನ್ನೂ 1,11,808 ಕಡಮೆ. 1901ರಲ್ಲಿ ಅದು 55,39,399 ಆಯಿತು. ಇಪ್ಪತ್ತು ವರ್ಷಗಳು ಕಳೆದರೂ ಸಂಸ್ಥಾನವು ತನ್ನ ಹಿಂದಿನ ಜನಸಂಖ್ಯೆಗೆ ಮರಳಿರಲಿಲ್ಲ ಎಂಬ ವಾಕ್ಯಕ್ಕೆ ಯಾವ ಊಹೆಯ ಆಸರೆಯೂ ಬೇಕಿಲ್ಲ. ಸತ್ತವರ ನಿಖರ ಸಂಖ್ಯೆಯನ್ನು ಹೇಳಲು ಹೊರಟು ತಪ್ಪುವುದಕ್ಕಿಂತ ಈ ವಾಕ್ಯ ಹೆಚ್ಚು ಗಟ್ಟಿಯಾದುದು. ಹೆಚ್ಚು ಭಾರವಾದುದೂ ಹೌದು. ಮುಂದೆ ಜಿಲ್ಲಾವಾರು ಕೋಷ್ಟಕಗಳನ್ನು ತೆರೆದು ಬಯಲುಸೀಮೆಯನ್ನೂ ಮಲೆನಾಡನ್ನೂ ಹೋಲಿಸಿದರೆ, ವಯೋಮಾನದ ಕೋಷ್ಟಕಗಳಲ್ಲಿ ಎಳೆಯ ಮಕ್ಕಳ ಸಾಲನ್ನು ಪರಿಶೀಲಿಸಿದರೆ, ಒಂದು ಸ್ವತಂತ್ರ ಸಂಪ್ರಬಂಧಕ್ಕೆ ಬೇಕಾದ ಸಾಮಗ್ರಿ ಒಂದೇ ಗ್ರಂಥಾಲಯದ ಒಂದೇ ಕಪಾಟಿನಲ್ಲಿ ದೊರೆಯುತ್ತದೆ.

ಗಣಕೀಕೃತ ಸಂಗ್ರಹಗಳು

ಈಚಿನ ದಶಕಗಳಲ್ಲಿ ಹಳೆಯ ಗ್ರಂಥಗಳ ಅಂಕೀಕೃತ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿಯೂ, ಭಾರತೀಯ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಶೋಧಗಂಗಾದಲ್ಲಿಯೂ, ರಾಷ್ಟ್ರೀಯ ಪತ್ರಾಗಾರದ ಕಡತಗಳ ಸೂಚಿ ಅಭಿಲೇಖ ಪಟಲದಲ್ಲಿಯೂ ದೊರೆಯುತ್ತಿವೆ. ಊರು ಬಿಟ್ಟು ಹೋಗಲಾಗದ ವಿದ್ಯಾರ್ಥಿಗೆ ಇದು ದೊಡ್ಡ ಅನುಕೂಲ. ಆದರೆ ಯಂತ್ರವು ಹುಡುಕಿಕೊಡುವುದು ಪದವನ್ನು, ಪ್ರಕರಣವನ್ನಲ್ಲ. ಪದ ಸಿಕ್ಕಿದ ಪುಟದ ಹಿಂದಿನ ಹಾಗೂ ಮುಂದಿನ ಹತ್ತು ಪುಟಗಳನ್ನು ಓದದೆ ಟಿಪ್ಪಣಿ ಮಾಡಿಕೊಳ್ಳಬಾರದು. ಹಳೆಯ ಕನ್ನಡ ಅಚ್ಚಿನ ಅಕ್ಷರಗಳನ್ನು ಯಂತ್ರ ತಪ್ಪಾಗಿ ಓದುವುದುಂಟು. ಕೋಷ್ಟಕಗಳಲ್ಲಿ 3 ಮತ್ತು 8 ಅದಲುಬದಲಾಗುವುದುಂಟು. ಅಂಕಿಗಳನ್ನು ಚಿತ್ರರೂಪದ ಪುಟದಿಂದಲೇ ಕಣ್ಣಾರೆ ನೋಡಿ ಬರೆದುಕೊಳ್ಳಬೇಕು.

ಟಿಪ್ಪಣಿಯಿಂದ ಬರವಣಿಗೆಗೆ

ಟಿಪ್ಪಣಿ ಮಾಡಿಕೊಳ್ಳುವಾಗ ಮೂರು ಬಗೆಗಳನ್ನು ಬೇರೆಯಾಗಿಡಬೇಕು: ಆಕರದ ಮಾತು ಯಥಾವತ್ತಾಗಿ, ಆಕರದ ಸಾರಾಂಶ ತನ್ನ ಮಾತಿನಲ್ಲಿ, ಹಾಗೂ ತನ್ನದೇ ಆಲೋಚನೆ. ಇವು ಒಂದೇ ಹಾಳೆಯಲ್ಲಿ ಬೆರೆತರೆ ಮೂರು ತಿಂಗಳ ನಂತರ ಯಾವುದು ಯಾರದೆಂದು ಬರೆದವನಿಗೇ ತಿಳಿಯದು. ಅರಿಯದೆ ಮಾಡುವ ಕೃತಿಚೌರ್ಯದ ಮೂಲ ಇಲ್ಲಿಯೇ ಇದೆ. ಪ್ರತಿ ಟಿಪ್ಪಣಿಯಲ್ಲಿಯೂ ಗ್ರಂಥಕರ್ತೃ, ಆವೃತ್ತಿ, ವರ್ಷ, ಪುಟ, ಗ್ರಂಥಾಲಯ ಮತ್ತು ವರ್ಗಸಂಖ್ಯೆ ಇರಬೇಕು. ಬೇರೊಂದು ಗ್ರಂಥದಲ್ಲಿ ಉದ್ಧೃತವಾದುದನ್ನು ನೋಡಿ ಬರೆದುಕೊಂಡಿದ್ದರೆ, ಮೂಲವನ್ನು ನೋಡಿದಂತೆ ತೋರಿಸದೆ, ಎಲ್ಲಿ ನೋಡಿದುದೆಂಬುದನ್ನು ಹೇಳಬೇಕು.

ಬರವಣಿಗೆಯನ್ನು ಓದೆಲ್ಲ ಮುಗಿದ ಮೇಲೆ ಆರಂಭಿಸುವುದು ಸಾಮಾನ್ಯ ರೂಢಿ. ಓದು ಎಂದಿಗೂ ಮುಗಿಯುವುದಿಲ್ಲವಾದ್ದರಿಂದ ಈ ರೂಢಿ ಕೊನೆಯ ವಾರದ ಅವಸರದಲ್ಲಿ ಪರ್ಯವಸಾನವಾಗುತ್ತದೆ. ಮೂರನೆಯ ಒಂದು ಭಾಗ ಓದಾದ ಮೇಲೆ ತನ್ನ ಪ್ರಶ್ನೆಗೆ ತನಗೆ ತೋಚಿದ ಉತ್ತರವನ್ನು ಎರಡು ವಾಕ್ಯಗಳಲ್ಲಿ ಬರೆಯಬೇಕು. ಉಳಿದ ಓದು ಆ ವಾಕ್ಯಗಳನ್ನು ಪರೀಕ್ಷಿಸುವ ಕಾರ್ಯ. ಅವುಗಳಿಗೆ ವಿರುದ್ಧವಾದ ಆಧಾರ ದೊರೆತಾಗ ಅದನ್ನು ಮುಚ್ಚಿಡದೆ ಪ್ರಬಂಧದಲ್ಲಿಯೇ ಎದುರಿಸಬೇಕು. ಅಧ್ಯಾಯಗಳನ್ನು ಆಕರಗಳ ಕ್ರಮದಲ್ಲಿ ಜೋಡಿಸದೆ ವಾದದ ಕ್ರಮದಲ್ಲಿ ಜೋಡಿಸಬೇಕು: ಎಲಿಯಟ್ ಹೇಳಿದುದು ಒಂದು ಭಾಗ, ಡಿಗ್ಬಿ ಹೇಳಿದುದು ಇನ್ನೊಂದು ಭಾಗ ಎಂಬುದು ಓದಿನ ವರದಿಯಾಗುತ್ತದೆ, ಇತಿಹಾಸವಾಗುವುದಿಲ್ಲ. ಕೂಲಿಯ ಪ್ರಶ್ನೆಯಲ್ಲಿ ಇಬ್ಬರೂ ಎಲ್ಲಿ ಒಪ್ಪುತ್ತಾರೆ, ಎಲ್ಲಿ ಬೇರೆಯಾಗುತ್ತಾರೆ, ಆ ಭೇದಕ್ಕೆ ಕಾರಣವೇನೆಂದು ವಿವೇಚಿಸಿದಾಗ ಅದು ಇತಿಹಾಸವಾಗುತ್ತದೆ. ಆಧಾರಕ್ಕೆ ತಕ್ಕಂತೆ ಕ್ರಿಯಾಪದವನ್ನು ಆರಿಸುವ ಎಚ್ಚರವೂ ಬೇಕು. ‘ಎಣಿಕೆಯಾಯಿತು’, ‘ಅಂದಾಜಿಸಲಾಗಿದೆ’, ‘ಊಹಿಸಬಹುದು’ ಎಂಬ ಮೂರು ಪದಗಳ ನಡುವಿನ ಅಂತರವೇ ಎಷ್ಟೋ ಸಲ ಪ್ರಬಂಧವೊಂದರ ಪ್ರಾಮಾಣಿಕತೆಯ ಅಳತೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಗ್ರಂಥಾಲಯವು ಸಿದ್ಧ ಉತ್ತರಗಳ ಉಗ್ರಾಣವಲ್ಲವೆಂಬುದು ಸ್ಪಷ್ಟವಾಗುತ್ತದೆ. ಅಲ್ಲಿರುವ ಪ್ರತಿಯೊಂದು ಗ್ರಂಥವೂ ಒಂದು ಕಾಲದಲ್ಲಿ, ಒಂದು ಅಗತ್ಯಕ್ಕಾಗಿ, ಒಂದು ಕೈಯಿಂದ ಬರೆಯಲ್ಪಟ್ಟುದು. ಅಗತ್ಯವನ್ನು ತಿಳಿಯದೆ ಅಂಕಿಯನ್ನು ಮಾತ್ರ ಎತ್ತಿಕೊಂಡಾಗ ಸತ್ಯವಾದ ಸಂಖ್ಯೆಯೇ ಅಸತ್ಯವಾದ ವಾಕ್ಯವಾಗುತ್ತದೆ. ವಿಷಯವನ್ನು ಪ್ರಶ್ನೆಯಾಗಿಸುವುದು, ಹೆಸರುಗಳನ್ನು ಅರಿಯುವುದು, ಅಡಿಟಿಪ್ಪಣಿಗಳನ್ನು ಹಿಂಬಾಲಿಸುವುದು, ಆವೃತ್ತಿಯನ್ನು ನೋಡುವುದು, ಒಂದು ಆಕರವನ್ನು ಇನ್ನೊಂದರ ಎದುರಿಗಿಡುವುದು, ತಿಳಿದಷ್ಟನ್ನೇ ಹೇಳುವುದು ಇವು ಆ ಅವಘಡವನ್ನು ತಪ್ಪಿಸುವ ಸಾಧನಗಳು.

ಧಾತು-ಈಶ್ವರ ಬರದಲ್ಲಿ ಮಡಿದ ಬಹುಪಾಲು ಜನರ ಹೆಸರು ಯಾವ ಕಡತದಲ್ಲಿಯೂ ಇಲ್ಲ. ಅವರ ಪಾಲಿಗೆ ಉಳಿದಿರುವುದು ಎರಡು ಜನಗಣತಿಗಳ ನಡುವಿನ ಅಂತರ ಮಾತ್ರ. ಆ ಅಂತರವನ್ನು ಎಚ್ಚರದಿಂದ ಓದುವುದು ಪರೀಕ್ಷೆಯ ಅಂಕಗಳಿಗಾಗಿ ಪಾಲಿಸುವ ನಿಯಮ ಮಾತ್ರವಲ್ಲ, ಅವರಿಗೆ ನಾವು ಸಲ್ಲಿಸಬೇಕಾದ ಋಣವೂ ಹೌದು. ವಿದ್ಯಾರ್ಥಿಯೊಬ್ಬನು ತನ್ನ ಮೊದಲ ಸಂಪ್ರಬಂಧದಲ್ಲಿ ಆ ಋಣವನ್ನು ಅರಿತು ಒಂದೇ ಒಂದು ಕೋಷ್ಟಕವನ್ನು ಸರಿಯಾಗಿ ಓದಿದರೂ ಅವನ ಗ್ರಂಥಾಲಯದ ದಿನಗಳು ಸಾರ್ಥಕವಾದವೆಂದೇ ಹೇಳಬೇಕು.